ದಿನಕ್ಕೆ 1.4 ಜಿಬಿ ಕಾಣೆ: ಯಾರ ಲೆಕ್ಕಕ್ಕೂ ಸಿಗದ ಕರ್ನಲ್ ಮೆಮೊರಿ

ರಾತ್ರಿಪಾಳಿ

ತಲೆ ಕೆಟ್ಟು ಹೋಗಿದೆ, ಯಾರಾದರೂ ನೋಡಿ. 64 ಜಿಬಿ ಇರುವ ಲಿನಕ್ಸ್ ಸರ್ವರ್, ಕರ್ನಲ್ (ಸಿಸ್ಟಂನ ತಿರುಳು) 6.1. ಅದರಲ್ಲಿ ಡೇಟಾ ಹಿಡಿಯುವ ಒಂದು ಕಾರ್ಡ್ ಇದೆ. ಅದನ್ನು ನಡೆಸುವ ಡ್ರೈವರ್ ಕಾರ್ಡಿನ ಜೊತೆ ಬಂದದ್ದು, ಕರ್ನಲ್ ಮೂಲದೊಳಗೆ ಇಲ್ಲ, ಈಗ ನಾವೇ ನೋಡಿಕೊಳ್ಳುತ್ತೇವೆ. ಮೆಮ್‌ಅವೈಲಬಲ್ (ಬಳಸಲು ಸಿಗುವ ಮೆಮೊರಿ) ದಿನಕ್ಕೆ ಸುಮಾರು 1.4 ಜಿಬಿ ಇಳಿಯುತ್ತಿದೆ. ತಿಂಗಳಿಗೊಮ್ಮೆ, ಮೆಮೊರಿ ಮುಗಿದಾಗ ಪ್ರೊಸೆಸ್ ಕೊಲ್ಲುವ ಒಒಎಂ ಕಿಲ್ಲರ್ ಬಂದು ಏನೂ ತಪ್ಪು ಮಾಡದ ಡೇಟಾಬೇಸನ್ನು ಹೊಡೆದು ಹಾಕುತ್ತದೆ.

ನೋಡಿದ್ದೇನು ಅಂದರೆ: ಎಲ್ಲ ಪ್ರೊಸೆಸ್‌ಗಳ ಆರ್‌ಎಸ್‌ಎಸ್ (ಅವು ಹಿಡಿದ ರ‍್ಯಾಮ್) ಕೂಡಿಸಿದರೆ 9 ಜಿಬಿ ದಾಟುವುದಿಲ್ಲ. ಸ್ಲ್ಯಾಬ್ (ಕರ್ನಲ್ ತನ್ನ ಚಿಕ್ಕ ವಸ್ತುಗಳಿಗೆ ಬಳಸುವ ಮೆಮೊರಿ) ಅಲ್ಲಾಡಿಲ್ಲ. ಡ್ರಾಪ್ ಕ್ಯಾಶಸ್ ಮಾಡಿ ಕ್ಯಾಶ್ ಖಾಲಿ ಮಾಡಿದರೂ ವಾಪಸ್ ಬರುವುದಿಲ್ಲ. ವಾಪಸ್ ಕೊಡದೆ ಉಳಿದ ಮೆಮೊರಿ (ಲೀಕ್) ಹುಡುಕುವ ಕೆಮೆಮ್‌ಲೀಕ್ ಹಾಕಿ ಮೂರು ದಿನ ಕಾದೆ, ಒಂದೇ ಒಂದು ಸಾಲು ಬರಲಿಲ್ಲ. ಹಾಗಾದರೆ ಲೀಕ್ ಇಲ್ಲ ಅಂತ ಅರ್ಥವಾ? ಇಲ್ಲ ಅನ್ನುವುದಾದರೆ ಮೆಮೊರಿ ಎಲ್ಲಿ ಹೋಯಿತು?

ಹಳೇ ಕರ್ನಲ್ಲು

ಕೆಮೆಮ್‌ಲೀಕ್ ಸುಮ್ಮನಿದ್ದರೆ ಲೀಕ್ ಇಲ್ಲ ಅಂತ ಅಲ್ಲ. ಅದು ಕೆಮ್ಯಾಲಕ್, ವಿಮ್ಯಾಲಕ್ ತರಹದ ಕರೆಗಳಿಂದ ಪಡೆದ ಮೆಮೊರಿಯನ್ನು ಮಾತ್ರ ನೋಡುತ್ತದೆ. ಪೇಜ್ ಅಲೊಕೇಟರ್‌ನಿಂದ ನೇರವಾಗಿ ತೆಗೆದ ಪುಟಗಳು (4 ಕೆಬಿ ಮೆಮೊರಿ ತುಂಡುಗಳು) ಅದರ ಕಣ್ಣಿಗೆ ಬೀಳುವುದೇ ಇಲ್ಲ, ದಾಖಲೆಯಲ್ಲೇ ಹಾಗಂತ ಬರೆದಿದ್ದಾರೆ. ಸ್ಲ್ಯಾಬ್ ಅಲ್ಲಾಡಿಲ್ಲ ಅಂದ ಮೇಲೆ ನಿಮ್ಮದು ಪುಟಗಳ ಲೀಕ್.

ಮೆಮೊರಿ ಲೆಕ್ಕ ತೋರಿಸುವ ಪ್ರೊಕ್ ಮೆಮ್‌ಇನ್‌ಫೋ ಪೂರ್ತಿ ಹಾಕಿ. ಮೂರು ಸಾಲು ಹೆಕ್ಕಿ ಹಾಕಬೇಡಿ, ಪೂರ್ತಿ ಹಾಕಿ.

ಸೊನ್ನೆ ವಿಳಾಸ

ಪೇಜ್ ಓನರ್ ಆನ್ ಮಾಡಿ ಬೂಟ್ ಮಾಡಿ ಗುರು. ಯಾವ ಪುಟವನ್ನು ಯಾರು ಕೇಳಿದರು ಅಂತ ಸ್ಟ್ಯಾಕ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಅನ್ನುವ ಸರಣಿ) ಸಮೇತ ಹೇಳುತ್ತದೆ. ಕರ್ನಲ್ ಜೊತೆಗೆ ಬರುವ ಪೇಜ್ ಓನರ್ ಸಾರ್ಟ್ ಹಾಕಿದರೆ ಜಾಸ್ತಿ ತಿಂದವನು ಮೇಲೆ ಬಂದು ಕೂರುತ್ತಾನೆ. ಹತ್ತು ನಿಮಿಷದ ಕೆಲಸ.

ರಾತ್ರಿಪಾಳಿ

ಮಾಡಿದೆ, ಹತ್ತು ನಿಮಿಷದಲ್ಲಿ ಮುಗಿಯಲಿಲ್ಲ, ರೀಬೂಟ್‌ಗೆ ಅನುಮತಿ ಸಿಗಲಿಕ್ಕೇ ಎರಡು ದಿನ ಹಿಡಿಯಿತು. ಮೇಲೆ ಬಂದು ಕೂತವನು ಯಾರು ಗೊತ್ತಾ? ಡೂ ಅನಾನಿಮಸ್ ಪೇಜ್. ಅಂದರೆ ಮಾಮೂಲಿ ಪೇಜ್ ಫಾಲ್ಟ್, ಯಾವುದೋ ಪ್ರೊಸೆಸ್ ತನ್ನ ಮೆಮೊರಿ ಮುಟ್ಟಿದಾಗ ಸಿಕ್ಕ ಪುಟ. ಸ್ಟ್ಯಾಕ್‌ನಲ್ಲಿ ನಮ್ಮ ಡ್ರೈವರ್ ಹೆಸರೇ ಇಲ್ಲ. ಪುಟ ಕೇಳಿದ ಪಿಐಡಿಗಳನ್ನು (ಪ್ರೊಸೆಸ್ ಸಂಖ್ಯೆ) ಹುಡುಕಿದರೆ ಅವೆಲ್ಲ ಯಾವಾಗಲೋ ಮುಗಿದು ಹೋದ ಪ್ರೊಸೆಸ್‌ಗಳು.

ಹೀಗಾಗಿ ಡ್ರೈವರ್ ತಪ್ಪಿಲ್ಲ, ಕರ್ನಲ್‌ನದ್ದೇ ಬಗ್ ಅಂತ ನನಗೆ ಅನಿಸುತ್ತಿದೆ.

ಮೆಮ್‌ಇನ್‌ಫೋದಲ್ಲಿ ವಿಚಿತ್ರ ಅನಿಸಿದ್ದು ಒಂದು: ಆ್ಯಕ್ಟಿವ್ ಅನಾನ್, ಇನ್‌ಆ್ಯಕ್ಟಿವ್ ಅನಾನ್ (ಅನಾನ್ ಅಂದರೆ ಯಾವ ಫೈಲ್‌ಗೂ ಸೇರದ ಪುಟ) ಎರಡೂ ಕೂಡಿದರೆ 31 ಜಿಬಿ. ಅನಾನ್‌ಪೇಜಸ್ 8 ಜಿಬಿ. ಎಸ್‌ಹೆಚ್‌ಮೆಮ್ (ಹಂಚಿಕೊಂಡ ಮೆಮೊರಿ) ಕೆಲವು ನೂರು ಎಂಬಿ. ಸ್ವಾಪ್ ಇಲ್ಲ. (ಇದು ರೀಬೂಟ್‌ಗೆ ಮುಂಚೆ ತೆಗೆದಿಟ್ಟದ್ದು.)

ಹಳೇ ಕರ್ನಲ್ಲು

ನೀವು ವಿಚಿತ್ರ ಅಂದ ಸಾಲಿನಲ್ಲೇ ಉತ್ತರ ಇದೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಮುಂದೆ ಬೇರೆಯವರಿಗೂ ಬೇಕಾಗಬಹುದು.

ಅನಾನ್‌ಪೇಜಸ್ ಅಂದರೆ ಯಾವುದಾದರೂ ಪ್ರೊಸೆಸ್‌ನ ಪೇಜ್ ಟೇಬಲ್‌ನಲ್ಲಿ ಈಗ ಮ್ಯಾಪ್ ಆಗಿರುವ ಪುಟ. ಪ್ರೊಸೆಸ್ ಮುಗಿದು ಮ್ಯಾಪ್ ಕಳಚಿದ ಕೂಡಲೇ ಆ ಎಣಿಕೆ ಇಳಿಯುತ್ತದೆ. ಆ್ಯಕ್ಟಿವ್, ಇನ್‌ಆ್ಯಕ್ಟಿವ್ ಅನ್ನುವುದು ಎಲ್‌ಆರ್‌ಯು ಪಟ್ಟಿಯ (ಯಾವ ಪುಟ ಇತ್ತೀಚೆಗೆ ಬಳಕೆಯಾಯಿತು ಅನ್ನುವ ಪಟ್ಟಿ) ಲೆಕ್ಕ. ಪುಟ ಆ ಪಟ್ಟಿಯಿಂದ ಹೊರಗೆ ಹೋಗುವುದು ಅದರ ರೆಫ್‌ಕೌಂಟ್ (ಎಷ್ಟು ಕಡೆಯಿಂದ ಹಿಡಿದಿದ್ದಾರೆ ಅನ್ನುವ ಎಣಿಕೆ) ಸೊನ್ನೆಗೆ ಬಂದು ನಿಜವಾಗಿ ಬಿಡುಗಡೆಯಾದಾಗ. ನಿಮ್ಮಲ್ಲಿ ಎರಡರ ನಡುವೆ 22 ಜಿಬಿಗಿಂತ ಜಾಸ್ತಿ ಅಂತರ ಇದೆ. ಅಂದರೆ ಅಷ್ಟು ಪುಟಗಳು ಯಾವ ಪ್ರೊಸೆಸ್‌ನಲ್ಲೂ ಇಲ್ಲ, ಆದರೆ ಯಾರೋ ಹಿಡಿದುಕೊಂಡಿದ್ದಾರೆ. ಮೆಮೊರಿ ಬಿಡಿಸಿಕೊಳ್ಳುವ ರಿಕ್ಲೇಮ್, ಸ್ವಾಪ್ ಇಲ್ಲದ ಮಷೀನ್‌ನಲ್ಲಿ ಅನಾನ್ ಪುಟಗಳ ಕಡೆ ಬರುವುದೇ ಇಲ್ಲ. ಡ್ರಾಪ್ ಕ್ಯಾಶಸ್ ಫೈಲ್ ಕ್ಯಾಶ್, ಸ್ಲ್ಯಾಬ್ ಮಾತ್ರ ಖಾಲಿ ಮಾಡುತ್ತದೆ, ಅದಕ್ಕೇ ಅದರಿಂದ ಏನೂ ಆಗಲಿಲ್ಲ.

ಪೇಜ್ ಓನರ್ ಸುಳ್ಳು ಹೇಳಿಲ್ಲ. ನೀವು ಕೇಳಿದ ಪ್ರಶ್ನೆ ಬೇರೆ, ಅದು ಕೊಟ್ಟ ಉತ್ತರ ಬೇರೆ. ಪುಟವನ್ನು ಯಾರು ತಂದರು ಅಂತ ಅದು ಹೇಳುತ್ತದೆ. ಯಾರು ವಾಪಸ್ ಕೊಡಲಿಲ್ಲ ಅಂತ ಹೇಳುವುದಿಲ್ಲ. ಆ್ಯಪ್ ಬಫರ್ ತೆಗೆದು ಮೊದಲೇ ಮುಟ್ಟಿದ್ದರೆ ಸ್ಟ್ಯಾಕ್‌ನಲ್ಲಿ ಪೇಜ್ ಫಾಲ್ಟ್ ಬರುತ್ತದೆ. ಆಮೇಲೆ ಆ ಪುಟದ ಮೇಲೆ ರೆಫರೆನ್ಸ್ ತೆಗೆದುಕೊಂಡ ಡ್ರೈವರ್ ಹೆಸರು ಎಲ್ಲೂ ದಾಖಲಾಗುವುದಿಲ್ಲ.

ನಿಮ್ಮ ಡ್ರೈವರ್ ಯೂಸರ್ ಬಫರ್‌ಗೆ ನೇರವಾಗಿ ಡಿಎಂಎ ಮಾಡುತ್ತದೆಯಾ, ಅಂದರೆ ಸಿಪಿಯು ಕೈ ಹಾಕದೆ ಕಾರ್ಡೇ ಮೆಮೊರಿಗೆ ಬರೆಯುತ್ತದೆಯಾ? ಮಾಡುವುದಾದರೆ ಪ್ರೊಕ್ ವಿಎಂಸ್ಟ್ಯಾಟ್‌ನಲ್ಲಿ ಎನ್‌ಆರ್ ಫಾಲ್ ಪಿನ್ ಅಕ್ವೈರ್ಡ್, ಎನ್‌ಆರ್ ಫಾಲ್ ಪಿನ್ ರಿಲೀಸ್ಡ್ ಅಂತ ಎರಡು ಸಂಖ್ಯೆ ಇರುತ್ತವೆ: ಎಷ್ಟು ಪುಟ ಪಿನ್ ಆಯಿತು (ಡಿಎಂಎಗಾಗಿ ಕದಲದಂತೆ ಹಿಡಿದದ್ದು), ಎಷ್ಟು ಬಿಟ್ಟರು ಅಂತ. ಒಂದರಿಂದ ಇನ್ನೊಂದನ್ನು ಕಳೆದು ಹೇಳಿ.

ರಾತ್ರಿಪಾಳಿ

ಡಿಎಂಎ ಮಾಡುತ್ತದೆ. ರೀಬೂಟ್ ಆಗಿ ಸರಿಯಾಗಿ 20 ಗಂಟೆ. ವ್ಯತ್ಯಾಸ 3,06,000. ಕೆಲಸ ಏನೂ ನಡೆಯದಾಗ ತೆಗೆದದ್ದು. ಅಷ್ಟು ಪುಟ ಪಿನ್ ಆಗಿ ಕೂತಿದೆಯಾ??

ಪುಟದ ಲೆಕ್ಕ

ತಡವಾಗಿ ಬಂದೆ, ಆದರೆ ಈ ಸಂಖ್ಯೆ ನೋಡಿದರೆ ಕೈ ತುರಿಸುತ್ತದೆ. 20 ಗಂಟೆ ಅಂದರೆ 1200 ನಿಮಿಷ. 3,06,000 ಭಾಗಿಸು 1200 ಅಂದರೆ 255. ಶೇಷ ಸೊನ್ನೆ. ನಿಮಿಷಕ್ಕೊಮ್ಮೆ ಏನೋ ಓಡುತ್ತದೆ, ಪ್ರತಿ ಸಲ 255 ಪುಟ ಹೋಗುತ್ತದೆ. 256 ಪುಟ ಅಂದರೆ 1 ಎಂಬಿ. ಒಂದು ಪುಟ ಕಡಿಮೆ. ದಿನಕ್ಕೆ 1440 ನಿಮಿಷ, ಪ್ರತಿ ನಿಮಿಷ 1020 ಕೆಬಿ, ಒಟ್ಟು 1.4 ಜಿಬಿ. ನಿಮ್ಮ ಮೊದಲ ಸಂಖ್ಯೆಗೆ ಸರಿಯಾಗಿ ಕೂತಿತು.

ನಿಮಿಷಕ್ಕೊಮ್ಮೆ ಓಡುವುದು ಏನು ಹೇಳಿ.

ರಾತ್ರಿಪಾಳಿ

ಅಯ್ಯೋ. ಇದೆ. ಕಾರ್ಡಿನಿಂದ ಒಂದು ಸ್ನ್ಯಾಪ್‌ಶಾಟ್ ತೆಗೆಯುವ ಚಿಕ್ಕ ಪ್ರೋಗ್ರಾಂ, ಪ್ರತಿ ನಿಮಿಷ ಶುರುವಾಗಿ ಮುಗಿಯುತ್ತದೆ. ಅದರ ಕೋಡ್ ಈಗ ತೆಗೆದು ನೋಡಿದೆ. 255 ಪುಟ ಎಂಮ್ಯಾಪ್ ಮಾಡಿ ಪಡೆಯುತ್ತದೆ, ಎಲ್ಲ ಸೊನ್ನೆ ತುಂಬುತ್ತದೆ, ಆಮೇಲೆ ಡ್ರೈವರ್‌ಗೆ ಹೆಡರ್ ಪುಟ ಇನ್ನೊಮ್ಮೆ ಸೇರಿಸಿ 256 ಅಂತ ಹೇಳುತ್ತದೆ! ಡ್ರೈವರ್ ಇಎಫಾಲ್ಟ್ (ತಪ್ಪು ವಿಳಾಸ ಅನ್ನುವ ಎರರ್) ಕೊಡುತ್ತದೆ, ಪ್ರೋಗ್ರಾಂ ಸುಮ್ನೆ ಮಾಮೂಲಿ ರೀಡ್ ದಾರಿಗೆ ಇಳಿಯುತ್ತದೆ. ಡೇಟಾ ಸರಿಯಾಗೇ ಬರುತ್ತಿತ್ತು, ಹಾಗಾಗಿ ವರ್ಷಗಟ್ಟಲೆ ಯಾರೂ ತಿರುಗಿ ನೋಡಿಲ್ಲ.

ಪ್ರೋಗ್ರಾಂ ಸರಿ ಮಾಡಿದರೆ ಮುಗಿಯಿತು ಅಲ್ವಾ?

ಬೀಗದ ಕೈ

ಖಂಡಿತ ಮುಗಿಯಲಿಲ್ಲ. ಯೂಸರ್ ಪ್ರೋಗ್ರಾಂ ತಪ್ಪು ಉದ್ದ ಕೊಟ್ಟರೆ ಕರ್ನಲ್ ಎರರ್ ಕೊಡಬೇಕು, ಮೆಮೊರಿ ಕಳೆದುಕೊಳ್ಳಬಾರದು. ಆ ಡಿವೈಸ್ ಫೈಲ್ ತೆರೆಯಬಲ್ಲ ಯಾರೇ ಆಗಲಿ, ಒಂದು ಲೂಪ್ ಬರೆದು ಐದು ನಿಮಿಷದಲ್ಲಿ ಇಡೀ ಮಷೀನನ್ನು ಮಲಗಿಸಬಹುದು. ಡ್ರೈವರ್‌ನಲ್ಲಿ ಪಿನ್ ಮಾಡುವ ಜಾಗ ಹೇಗಿದೆ, ಮಾತಿನಲ್ಲೇ ಹೇಳಿ ಸಾಕು.

ರಾತ್ರಿಪಾಳಿ

ಪಿನ್ ಯೂಸರ್ ಪೇಜಸ್ ಫಾಸ್ಟ್ ಕರೆಯುತ್ತದೆ. ವಾಪಸ್ ಬಂದ ಸಂಖ್ಯೆ ಕೇಳಿದಷ್ಟೇ ಇಲ್ಲದಿದ್ದರೆ ಪಾಯಿಂಟರ್‌ಗಳ ಅರೇ ಫ್ರೀ ಮಾಡಿ ಇಎಫಾಲ್ಟ್ ಕೊಡುತ್ತದೆ. ಅಷ್ಟೇ.

ಹಳೇ ಕರ್ನಲ್ಲು

ಸಿಕ್ಕಿತು. ಇದು ಬಹಳ ಹಳೆಯ, ಬಹಳ ಮಾಮೂಲಿ ತಪ್ಪು. ಆ ಫಂಕ್ಷನ್ ಮೂರು ತರಹ ಉತ್ತರ ಕೊಡುತ್ತದೆ. ಕೇಳಿದಷ್ಟೂ ಸಿಕ್ಕಿತು. ಒಂದೂ ಸಿಗಲಿಲ್ಲ, ಋಣ ಸಂಖ್ಯೆಯ ಎರರ್. ಮೂರನೆಯದು, ಸ್ವಲ್ಪ ಸಿಕ್ಕಿತು, ಆಮೇಲೆ ನಿಂತಿತು. ಈ ಮೂರನೆಯದರಲ್ಲಿ ಸಿಕ್ಕಷ್ಟು ಪುಟಗಳು ಪಿನ್ ಆಗಿಯೇ ಇರುತ್ತವೆ, ಬಿಡುವ ಹೊಣೆ ಕರೆದವನದ್ದು. ನಿಮ್ಮ ಡ್ರೈವರ್ 255 ಪುಟ ಕೈಯಲ್ಲಿ ಹಿಡಿದು, ಅವುಗಳ ವಿಳಾಸ ಬರೆದಿಟ್ಟ ಚೀಟಿಯನ್ನು ಹರಿದು ಹಾಕಿ, ಆಗಲಿಲ್ಲ ಅಂತ ಹೇಳಿ ಹೋಗಿದೆ.

ರಾತ್ರಿಪಾಳಿ

ಸರಿ, ಸರಿ ಮಾಡಿದೆ. ಕಡಿಮೆ ಬಂದರೆ, ಬಂದಷ್ಟು ಪುಟಕ್ಕೂ ಲೂಪ್ ಹಾಕಿ ಪುಟ್ ಪೇಜ್ ಕರೆಯುತ್ತೇನೆ. ಟೆಸ್ಟ್ ಮಷೀನ್‌ನಲ್ಲಿ ಹಾಕಿದೆ.

ಲೀಕ್ ಹಾಗೇ ಇದೆ. ಅದೇ 255, ಅದೇ ನಿಮಿಷ. ಪ್ರಿಂಟ್ ಹಾಕಿ ನೋಡಿದೆ, ಲೂಪ್ ಓಡುತ್ತಿದೆ. ಏನಿದು ಭೂತ?

ಪುಟದ ಲೆಕ್ಕ

ಹಾಗೆ ಉಳಿದ ಒಂದು ಪುಟದ ರೆಫ್‌ಕೌಂಟ್ ಎಷ್ಟಿದೆ ನೋಡಿ. ಪೇಜ್ ಟೈಪ್ಸ್ ಟೂಲ್‌ನಲ್ಲಿ ಅನಾನ್ ಇದ್ದು ಎಂಮ್ಯಾಪ್ ಇಲ್ಲದ ಪುಟ ಹುಡುಕಿ, ಕ್ರ್ಯಾಶ್ ಟೂಲ್‌ನಲ್ಲಿ ಅದರ ಸ್ಟ್ರಕ್ಟ್ ಪೇಜ್ (ಆ ಪುಟದ ಬಗ್ಗೆ ಕರ್ನಲ್ ಇಟ್ಟ ದಾಖಲೆ) ತೆರೆಯಿರಿ. ನನ್ನ ಊಹೆ 1023.

ರಾತ್ರಿಪಾಳಿ

1023. ಹೇಗೆ ಗೊತ್ತಾಯಿತು ಮಾರಾಯರೇ!

ಪುಟದ ಲೆಕ್ಕ

ಪಿನ್ ಅಂದರೆ ಒಂದು ರೆಫರೆನ್ಸ್ ಅಲ್ಲ. ಚಿಕ್ಕ ಪುಟಕ್ಕೆ ಒಂದು ಪಿನ್ ಹಾಕಿದರೆ ರೆಫ್‌ಕೌಂಟ್ 1024 ಏರುತ್ತದೆ. 2020ರಲ್ಲಿ ಗೆಟ್ ಯೂಸರ್ ಪೇಜಸ್ ಪಕ್ಕದಲ್ಲಿ ಪಿನ್ ಯೂಸರ್ ಪೇಜಸ್ ಅಂತ ಹೊಸ ಗುಂಪು ತಂದಾಗ ಹೀಗೆ ಮಾಡಿದರು. ಸ್ಟ್ರಕ್ಟ್ ಪೇಜ್‌ನಲ್ಲಿ ಇನ್ನೊಂದು ಕೌಂಟರ್‌ಗೆ ಜಾಗ ಇರಲಿಲ್ಲ, ಇದ್ದ ಒಂದೇ ಕೌಂಟರ್‌ನಲ್ಲಿ ಎರಡು ಸುದ್ದಿ ತುರುಕಿದರು. ಸುಮ್ಮನೆ ಪುಟ ಹಿಡಿದವನು 1 ಏರಿಸುತ್ತಾನೆ. ಪುಟದೊಳಗಿನ ಡೇಟಾವನ್ನೇ ಮುಟ್ಟುವವನು, ಅಂದರೆ ಡಿಎಂಎ ತರಹದವನು, 1024 ಏರಿಸುತ್ತಾನೆ. ಫೈಲ್‌ಸಿಸ್ಟಂನವರಿಗೆ ಈ ಪುಟದ ಮೇಲೆ ಯಾವುದೋ ಡಿವೈಸ್ ಬರೆಯುತ್ತಿರಬಹುದು ಅನ್ನುವ ಸುಳಿವು ಬೇಕಿತ್ತು, ಅದಕ್ಕಾಗಿ ಈ ಏರ್ಪಾಟು.

ನಿಮ್ಮ ಪುಟದ ಕಥೆ: ಪ್ರೊಸೆಸ್ ಮ್ಯಾಪ್ 1, ಪಿನ್ 1024, ಒಟ್ಟು 1025. ನೀವು ಪುಟ್ ಪೇಜ್ ಮಾಡಿದಿರಿ, 1024. ಪ್ರೊಸೆಸ್ ಮುಗಿಯಿತು, 1023. ಅಲ್ಲಿಗೆ ನಿಂತಿತು. ಪಿನ್ ಹಾಕಿದ್ದನ್ನು ಅನ್‌ಪಿನ್ ಯೂಸರ್ ಪೇಜಸ್‌ನಿಂದಲೇ ಬಿಡಬೇಕು. ವಿಎಂಸ್ಟ್ಯಾಟ್‌ನ ರಿಲೀಸ್ಡ್ ಸಂಖ್ಯೆಯೂ ಅನ್‌ಪಿನ್ ಮಾಡಿದರೆ ಮಾತ್ರ ಏರುತ್ತದೆ.

ರಾತ್ರಿಪಾಳಿ

ಓಹೋ. ಡ್ರೈವರ್‌ನಲ್ಲಿ ಮೊದಲು ಗೆಟ್ ಯೂಸರ್ ಪೇಜಸ್ ಇತ್ತಂತೆ, ಯಾರೋ ಬದಲಾಯಿಸಿದ್ದಾರೆ. ಪಕ್ಕದ ಫೈಲ್‌ನಲ್ಲಿ ಹಳೆಯ ಪುಟ್ ಪೇಜ್ ಲೂಪ್ ಇನ್ನೂ ಬಿದ್ದಿತ್ತು, ನಾನು ಅದನ್ನೇ ಕಾಪಿ ಹೊಡೆದದ್ದು.

ಈಗ ಹೊಸ ಪ್ಯಾಚ್: ವಾಪಸ್ ಬಂದ ಸಂಖ್ಯೆ ಕೇಳಿದ್ದಕ್ಕಿಂತ ಕಡಿಮೆ ಇದ್ದರೆ ಅಷ್ಟಕ್ಕೂ ಅನ್‌ಪಿನ್. ಜೊತೆಗೆ ಧೈರ್ಯಕ್ಕಿರಲಿ ಅಂತ, ಇದನ್ನು ಕರೆಯುವ ಸಬ್‌ಮಿಟ್ ಫಂಕ್ಷನ್‌ನ ಎರರ್ ದಾರಿಯಲ್ಲೂ ಅನ್‌ಪಿನ್ ಹಾಕಿದ್ದೇನೆ. ಲೀಕ್ ನಿಂತಿದೆ ಅಂತ ಕಾಣುತ್ತದೆ. ಹಾಕಿಬಿಡಲಾ?

ಬೀಗದ ಕೈ

ಬೇಡ!! ಧೈರ್ಯಕ್ಕಿರಲಿ ಅನ್ನುವ ಮಾತು ರೆಫ್‌ಕೌಂಟ್ ವಿಷಯದಲ್ಲಿ ನಡೆಯುವುದಿಲ್ಲ. ನೀವು ಲೀಕನ್ನು ತೆಗೆದು ಅದಕ್ಕಿಂತ ಕೆಟ್ಟದ್ದನ್ನು ತರುತ್ತಿದ್ದೀರಿ.

ಒಂದೇ ಬಫರ್ ಮೇಲೆ ಎರಡು ರಿಕ್ವೆಸ್ಟ್ ಇವೆ ಅಂದುಕೊಳ್ಳಿ. ಮೊದಲನೆಯದರ ಡಿಎಂಎ ನಡೆಯುತ್ತಿದೆ. ಎರಡನೆಯದು ತಪ್ಪು ಉದ್ದದ್ದು, ಅರ್ಧ ಪಿನ್ ಆಗಿ ಸೋಲುತ್ತದೆ. ಆ ಪುಟದ ಎಣಿಕೆ 1 ಕೂಡಿಸು 1024 ಕೂಡಿಸು 1024, ಅಂದರೆ 2049. ನಿಮ್ಮ ಪ್ಯಾಚ್ ಎರಡು ಕಡೆ ಅನ್‌ಪಿನ್ ಮಾಡುತ್ತದೆ, 1 ಉಳಿಯುತ್ತದೆ. ಮೊದಲನೆಯ ರಿಕ್ವೆಸ್ಟಿನ ಪಿನ್ ಅನ್ನು ಎರಡನೆಯದು ತಿಂದು ಹಾಕಿತು. ಈಗ ಪ್ರೊಸೆಸ್ ಬಫರ್ ಬಿಟ್ಟರೆ ಎಣಿಕೆ ಸೊನ್ನೆ, ಪುಟ ಇನ್ಯಾರಿಗೋ ಹೋಗುತ್ತದೆ, ಕಾರ್ಡ್ ಮಾತ್ರ ಇನ್ನೂ ಅದೇ ಪುಟಕ್ಕೆ ಬರೆಯುತ್ತಲೇ ಇದೆ. ಯಾರದ್ದೋ ಫೈಲ್‌ನ ಪೇಜ್ ಕ್ಯಾಶ್ ಮೇಲೆ ನಿಮ್ಮ ಸ್ನ್ಯಾಪ್‌ಶಾಟ್.

ಮೆಮೊರಿ ತಪ್ಪು ಹಿಡಿಯುವ ಕೇಸ್ಯಾನ್ ಇದನ್ನು ಹಿಡಿಯುತ್ತದೆ ಅಂತ ನೆಚ್ಚಿಕೊಳ್ಳಬೇಡಿ. ಅದು ಸಿಪಿಯು ಓಡಿಸುವ ಕೋಡ್‌ನಲ್ಲಿ ಕಂಪೈಲರ್ ಹಾಕಿದ ಕಾವಲು. ಕಾರ್ಡ್ ಬಸ್ ಮೇಲಿನಿಂದ ಬಂದು ಬರೆದರೆ ಅದಕ್ಕೆ ಗೊತ್ತಾಗುವುದೇ ಇಲ್ಲ. ಐಒಎಂಎಂಯು (ಡಿವೈಸ್ ಯಾವ ಮೆಮೊರಿ ಮುಟ್ಟಬಹುದು ಅಂತ ಕಾಯುವ ಯಂತ್ರಾಂಶ) ಇದ್ದರೂ ಮ್ಯಾಪಿಂಗ್ ಇನ್ನೂ ತೆರೆದಿರುವಾಗ ಅದು ತಡೆಯುವುದಿಲ್ಲ. ಲೀಕ್ ಆದರೆ ತಿಂಗಳಿಗೊಂದು ರೀಬೂಟ್. ಇದಾದರೆ ಡೇಟಾ ಕೆಟ್ಟಿದೆ ಅಂತ ಗೊತ್ತಾಗುವುದಕ್ಕೇ ತಿಂಗಳು ಬೇಕು.

ಸೊನ್ನೆ ವಿಳಾಸ

ಹಾಗಂತ ಲೀಕ್ ಸಾಧು ಪ್ರಾಣಿ ಅಂತ ಅಲ್ಲ. ಸಿವಿಇ-2016-0728 ಅನ್ನುವ ಭದ್ರತಾ ದೋಷ ನೆನಪಿದೆಯಾ? ಕರ್ನಲ್‌ನಲ್ಲಿ ಕೀಗಳನ್ನು ಇಡುವ ಕೀರಿಂಗ್ ಕೋಡ್‌ನಲ್ಲಿ ಒಂದು ರೆಫರೆನ್ಸ್ ಬಿಡುವುದು ಮರೆತಿದ್ದರು, 3.8 ಆವೃತ್ತಿಯಿಂದ ಇದ್ದದ್ದು. ಬರೀ ಲೀಕ್. ಆದರೆ ಕೌಂಟರ್ 32 ಬಿಟ್. ಲೀಕ್ ಮಾಡುತ್ತಾ ಮಾಡುತ್ತಾ ಸುತ್ತು ಹೊಡೆಸಿ ಸೊನ್ನೆಗೆ ತಂದರೆ ಆಬ್ಜೆಕ್ಟ್ ಫ್ರೀ ಆಗುತ್ತದೆ, ಹಿಡಿದವನ ಕೈಯಲ್ಲಿ ಪಾಯಿಂಟರ್ ಇನ್ನೂ ಇರುತ್ತದೆ. ಅಲ್ಲಿಂದ ರೂಟ್, ಅಂದರೆ ಮಷೀನಿನ ಪೂರ್ತಿ ಅಧಿಕಾರ.

ಹಳೇ ಕರ್ನಲ್ಲು

ಹೌದು, ಅಂಥವುಗಳ ನಂತರ 4.11ರಲ್ಲಿ ರೆಫ್‌ಕೌಂಟ್ ಟಿ ಅನ್ನುವ ಹೊಸ ತರಹದ ಕೌಂಟರ್ ಬಂತು, ಮಿತಿ ಮುಟ್ಟಿದರೆ ಸುತ್ತುವ ಬದಲು ಅಲ್ಲೇ ಅಂಟಿಕೊಳ್ಳುತ್ತದೆ. ಪುಟದ ಎಣಿಕೆ ಮಾತ್ರ ಇವತ್ತಿಗೂ ಅಂಥ ಕಾವಲಿಲ್ಲದ ಮಾಮೂಲಿ ಅಟಾಮಿಕ್ ಕೌಂಟರ್. 2019ರಲ್ಲಿ ಅದನ್ನೂ ಸುತ್ತಿಸಬಹುದು ಅಂತ ಗೊತ್ತಾಯಿತು, ಸಿವಿಇ-2019-11487, ಸುಮಾರು 140 ಜಿಬಿ ರ‍್ಯಾಮ್ ಇದ್ದರೆ ಸಾಧ್ಯ. 5.1 ಬರುವ ಹೊತ್ತಿಗೆ ಎಣಿಕೆ ಜಾಸ್ತಿ ಆಗಿದ್ದರೆ ಹೊಸ ರೆಫರೆನ್ಸ್ ಕೊಡದ ಹಾಗೆ ಮಾಡಿದರು. ಒಂದು ಪಿನ್‌ಗೆ 1024 ಏರುತ್ತದೆ ಅಂದರೆ ಮಿತಿ ಅಷ್ಟು ಬೇಗ ಹತ್ತಿರವಾಗುತ್ತದೆ ಅನ್ನುವುದನ್ನೂ ಗಮನಿಸಿ.

ರಾತ್ರಿಪಾಳಿ ಅವರೇ, ಪ್ಯಾಚ್‌ಗೆ ಬರೋಣ. ಮೊದಲು ಒಂದು ತೀರ್ಮಾನ ಮಾಡಿ: ಪಿನ್ ಯಾರದ್ದು? ನನ್ನ ಮಾತು ಕೇಳುವುದಾದರೆ, ಪಿನ್ ಮಾಡುವ ನಿಮ್ಮ ಫಂಕ್ಷನ್ ಎರಡೇ ಉತ್ತರ ಕೊಡಲಿ. ಪೂರ್ತಿ ಪಿನ್ ಆಯಿತು, ಅಥವಾ ಒಂದೂ ಆಗಲಿಲ್ಲ. ಅರ್ಧಂಬರ್ಧ ಅನ್ನುವುದು ಆ ಫಂಕ್ಷನ್‌ನ ಹೊಸ್ತಿಲು ದಾಟಬಾರದು. ಹಾಗೆ ಮಾಡಿದರೆ ಸಬ್‌ಮಿಟ್‌ನಲ್ಲಿ ಹಾಕಿದ ಎರಡನೇ ಅನ್‌ಪಿನ್ ತಾನಾಗಿ ಬೇಡವಾಗುತ್ತದೆ. ರಿಕ್ವೆಸ್ಟ್‌ನಲ್ಲಿ ಪುಟಗಳ ಸಂಖ್ಯೆಯನ್ನೂ ಗೆದ್ದ ಮೇಲೆ ಮಾತ್ರ ಬರೆಯಿರಿ.

ಇನ್ನೊಂದು. ಕಡಿಮೆ ಇದ್ದರೆ ಅಂತ ಬರೆದಿದ್ದೀರಲ್ಲ, ಕೇಳಿದ ಸಂಖ್ಯೆ ಅನ್‌ಸೈನ್ಡ್ (ಋಣ ಆಗಲಾರದ್ದು) ತಾನೇ?

ರಾತ್ರಿಪಾಳಿ

ಅನ್‌ಸೈನ್ಡ್ ಇಂಟ್. ಯಾಕೆ?

ಹಳೇ ಕರ್ನಲ್ಲು

ಬಫರ್‌ನ ಮೊದಲ ಪುಟವೇ ಇಲ್ಲದಿದ್ದರೆ ನೇರವಾಗಿ ಇಎಫಾಲ್ಟ್ ಬರುತ್ತದೆ, -14. ಅದನ್ನು ಅನ್‌ಸೈನ್ಡ್ ಜೊತೆ ಹೋಲಿಸಿದರೆ ಸಿ ಭಾಷೆ -14 ಅನ್ನು ಸುಮಾರು 429 ಕೋಟಿ ಮಾಡಿಬಿಡುತ್ತದೆ. 429 ಕೋಟಿ 256ಕ್ಕಿಂತ ಕಡಿಮೆಯಾ? ಅಲ್ಲ. ನಿಮ್ಮ ಡ್ರೈವರ್ ಗೆದ್ದೆ ಅಂದುಕೊಂಡು ಕಸದ ಪಾಯಿಂಟರ್‌ಗಳಿಗೆ ಡಿಎಂಎ ಶುರು ಮಾಡುತ್ತದೆ. ಮೊದಲಿದ್ದ ಸಮವಲ್ಲ ಅನ್ನುವ ಹೋಲಿಕೆಯಲ್ಲಿ ಈ ತೊಂದರೆ ಇರಲಿಲ್ಲ, ಪಾಪ ಹಳಬರು ಅದೊಂದನ್ನು ಸರಿಯಾಗಿ ಬರೆದಿದ್ದರು.

ಅದನ್ನು ಸಮವಲ್ಲ ಅಂತಲೇ ಇಟ್ಟು, ಒಳಗೆ ಸೊನ್ನೆಗಿಂತ ಜಾಸ್ತಿ ಇದ್ದರೆ ಮಾತ್ರ ಅನ್‌ಪಿನ್ ಕರೆಯಿರಿ. ಋಣ ಸಂಖ್ಯೆ ಹಾಗೇ ಅನ್‌ಪಿನ್‌ಗೆ ಹೋದರೆ ಅಲ್ಲೊಂದು ವಾರ್ನ್ ಆನ್ (ಲಾಗ್‌ಗೆ ಎಚ್ಚರಿಕೆ ಬರೆಯುವ ಪರೀಕ್ಷೆ) ಇದೆ. ಅಷ್ಟು ಜನ ಅದೇ ತಪ್ಪು ಮಾಡಿದ್ದಾರೆ ಅಂತ ಅರ್ಥ.

ರಾತ್ರಿಪಾಳಿ

ಮೂರನೇ ಸಲ. ಹೇಳಿದ ಹಾಗೆ ಬರೆದೆ, ಹನ್ನೊಂದು ಸಾಲಿನ ಪ್ಯಾಚ್. ಸಬ್‌ಮಿಟ್ ಫಂಕ್ಷನ್ ಮುಟ್ಟಲಿಲ್ಲ.

ಟೆಸ್ಟ್‌ಗೆ ಚಿಕ್ಕ ಪ್ರೋಗ್ರಾಂ ಬರೆದೆ: ನಾಲ್ಕು ಪುಟ ಎಂಮ್ಯಾಪ್, ಕೊನೆಯದನ್ನು ಮನ್‌ಮ್ಯಾಪ್ ಮಾಡಿ ತೆಗೆದು, ನಾಲ್ಕಕ್ಕೂ ರಿಕ್ವೆಸ್ಟ್. ಆಮೇಲೆ ಮೊದಲನೆಯದನ್ನು ತೆಗೆದು ಒಮ್ಮೆ. ಆಮೇಲೆ ಒಂದು ಥ್ರೆಡ್ ಸರಿಯಾದ ಉದ್ದ, ಇನ್ನೊಂದು ಥ್ರೆಡ್ ತಪ್ಪು ಉದ್ದ, ಒಂದೇ ಬಫರ್ ಮೇಲೆ. ಎಲ್ಲ ಹತ್ತು ಲಕ್ಷ ಸಲ. ಮುಗಿದ ಮೇಲೆ ಅಕ್ವೈರ್ಡ್, ರಿಲೀಸ್ಡ್ ಎರಡೂ ಸಮ. ಎರಡನೇ ಪ್ಯಾಚನ್ನೂ ಸುಮ್ನೆ ಕುತೂಹಲಕ್ಕೆ ಇದೇ ಟೆಸ್ಟ್‌ಗೆ ಹಾಕಿದೆ. ರಿಲೀಸ್ಡ್ ಮುಂದೆ ಓಡಿತು, ಕ್ಷಣದಲ್ಲೇ ಮಷೀನ್ ಮಲಗಿತು. ಬೀಗದ ಕೈ ಅವರಿಗೆ ದೊಡ್ಡ ನಮಸ್ಕಾರ.

ಬೀಗದ ಕೈ

ಆ ಕ್ರ್ಯಾಶ್ ಲಾಗ್ ಇಟ್ಟುಕೊಳ್ಳಿ, ಪ್ಯಾಚ್ ವಿವರದಲ್ಲಿ ಬೇಕಾಗುತ್ತದೆ. ಮತ್ತೆ ಡಿಎಂಎ ಮುಗಿದ ದಾರಿಯಲ್ಲಿ ಕಾರ್ಡ್ ಬರೆದ ಪುಟಗಳನ್ನು ಡರ್ಟಿ ಮಾಡಿ (ಬದಲಾಗಿದೆ ಅಂತ ಗುರುತು ಹಾಕಿ) ಬಿಡುತ್ತಿದ್ದೀರಾ? ಅನ್‌ಪಿನ್ ಯೂಸರ್ ಪೇಜಸ್ ಡರ್ಟಿ ಲಾಕ್. ಬಫರ್ ಫೈಲ್ ಮ್ಯಾಪ್ ಆಗಿದ್ದರೆ ಅದಿಲ್ಲದೆ ಬರೆದದ್ದು ಡಿಸ್ಕಿಗೆ ಹೋಗದೇ ಇರಬಹುದು.

ರಾತ್ರಿಪಾಳಿ

ಮಾಡುತ್ತಿದೆ, ನೋಡಿದೆ. ಗೆಟ್ ಅನ್ನು ಪಿನ್‌ಗೆ ಬದಲಿಸಿದ ಕಮಿಟ್ ಕೂಡ ಸಿಕ್ಕಿತು, ಲೀಕ್ ತಂದದ್ದು ಅದೇ ಅಂದುಕೊಂಡು ಪ್ಯಾಚಿನ ಫಿಕ್ಸಸ್ ಸಾಲಿನಲ್ಲಿ (ಯಾವ ಬದಲಾವಣೆಯ ತಪ್ಪು ತಿದ್ದುತ್ತದೆ ಅಂತ ಹೇಳುವ ಸಾಲು) ಹಾಕಿದ್ದೆ. ತಮಾಷೆ ಅಂದರೆ ಲೀಕ್ ಅದಕ್ಕೂ ಮುಂಚಿನಿಂದ ಇತ್ತು, ಗೆಟ್ ಕಾಲದಲ್ಲೂ ಅರ್ಧ ಸಿಕ್ಕಿದ್ದನ್ನು ಬಿಡುತ್ತಿರಲಿಲ್ಲ. ಹಾಗಾಗಿ ಕೊನೆಗೆ ಅತಿ ಹಳೆಯ ಕಮಿಟ್ ಹಾಕಬೇಕಾಯಿತು.

ಒಂದು ಪ್ರಶ್ನೆ ಉಳಿದಿದೆ. ಇನ್ನೂ ನಾಲ್ಕು ಮಷೀನ್‌ಗಳಲ್ಲಿ ಹಳೆಯ ಡ್ರೈವರ್ ಓಡುತ್ತಿದೆ, ಒಂದೊಂದರಲ್ಲೂ ಹತ್ತಿಪ್ಪತ್ತು ಜಿಬಿ ಸಿಕ್ಕಿಬಿದ್ದಿದೆ. ಡ್ರೈವರ್‌ನ ಮಾಡ್ಯೂಲ್ ತೆಗೆದು ಹೊಸದು ಹಾಕಿದರೆ ಹೊಸ ಲೀಕ್ ನಿಲ್ಲುತ್ತದೆ. ಹಳೆಯದನ್ನು ವಾಪಸ್ ಪಡೆಯಲು, ಮ್ಯಾಪ್ ಇಲ್ಲದೆ ರೆಫ್‌ಕೌಂಟ್ ಸರಿಯಾಗಿ 1024 ಇರುವ ಪುಟಗಳನ್ನು ಹುಡುಕಿ ಅನ್‌ಪಿನ್ ಮಾಡುವ ಒಂದು ಚಿಕ್ಕ ಮಾಡ್ಯೂಲ್ ಬರೆದರೆ? ರೀಬೂಟ್ ತಪ್ಪುತ್ತದೆ.

ಪುಟದ ಲೆಕ್ಕ

ಆಸೆ ಅರ್ಥವಾಗುತ್ತದೆ, ನನಗೂ ಒಂದು ಕ್ಷಣ ಹಾಗನಿಸಿತು. ಆದರೆ ಪ್ರೊಸೆಸ್ ಈಗಷ್ಟೇ ಸತ್ತು ಡಿಎಂಎ ಇನ್ನೂ ನಡೆಯುತ್ತಿರುವ ಪುಟವೂ ಹೊರಗಿನಿಂದ ಹೀಗೇ ಕಾಣುತ್ತದೆ: ಮ್ಯಾಪ್ ಇಲ್ಲ, 1024. ಬೇರೆ ಬೇರೆಯವರು 1024 ಮಾಮೂಲಿ ರೆಫರೆನ್ಸ್ ಹಿಡಿದ ಪುಟವೂ ಹೀಗೇ ಕಾಣುತ್ತದೆ. ಕರ್ನಲ್‌ನಲ್ಲಿ ಇದನ್ನು ಪರೀಕ್ಷಿಸುವ ಫಂಕ್ಷನ್ ಹೆಸರಿನಲ್ಲೇ ಮೇಬಿ ಅಂತ ಇದೆ. ಬರೆದವರಿಗೇ ಖಾತ್ರಿ ಇಲ್ಲದ ಜಾಗದಲ್ಲಿ ನೀವು ಖಾತ್ರಿ ಮಾಡಿಕೊಂಡು ಬಿಡಲು ಹೋಗಬೇಡಿ.

ಸೊನ್ನೆ ವಿಳಾಸ

ಆ ಮಷೀನ್‌ಗಳಲ್ಲಿ ಕಂಟೇನರ್ ಓಡಿಸುತ್ತಿದ್ದರೆ ಸಿಗ್ರೂಪ್ (ಪ್ರೊಸೆಸ್‌ಗಳ ಗುಂಪಿಗೆ ಮೆಮೊರಿ ಲೆಕ್ಕ ಇಡುವ ವ್ಯವಸ್ಥೆ) ಸ್ಟ್ಯಾಟ್‌ನಲ್ಲಿ ಎನ್‌ಆರ್ ಡೈಯಿಂಗ್ ಡಿಸೆಂಡೆಂಟ್ಸ್, ಅಂದರೆ ಅಳಿಸಿದರೂ ಪೂರ್ತಿ ಹೋಗದ ಗುಂಪುಗಳ ಸಂಖ್ಯೆ, ಒಮ್ಮೆ ನೋಡಿ. ಸಿಕ್ಕಿಬಿದ್ದ ಪುಟ ತನ್ನ ಮೆಮೊರಿ ಸಿಗ್ರೂಪನ್ನೂ ಸಾಯಲು ಬಿಡುವುದಿಲ್ಲ.

ರಾತ್ರಿಪಾಳಿ

ನೋಡಿದೆ. ಒಂದು ಮಷೀನ್‌ನಲ್ಲಿ 11 ಸಾವಿರ ದಾಟಿದೆ. ಸರಿ, ನಾಲ್ಕಕ್ಕೂ ರೀಬೂಟ್ ಕೇಳಿ ಮೇಲ್ ಹಾಕುತ್ತಿದ್ದೇನೆ. ಈ ಸಲ ಕಾರಣ ಬರೆಯುವ ಜಾಗದಲ್ಲಿ ಬರೆಯಲು ಏನೋ ಇದೆ.